ಬಂಡೆಯ ಒಡಲು, ಮಳೆಯ ದಾರಿ

ದೇವರ ಮನೆಯನ್ನು ದೂರದಿಂದಲೇ ಕಾಣುವಂತೆ ಎತ್ತರಿಸಿ ಕಟ್ಟುವುದು ಲೋಕದ ರೂಢಿ. ನಮ್ಮ ಬಯಲುಸೀಮೆಯ ದಾರಿಹೋಕನಿಗೆ ಊರು ಕಣ್ಣಿಗೆ ಬೀಳುವ ಮೊದಲೇ ಗೋಪುರದ ಕಳಶ ಕಾಣಿಸುವುದು. ಕರಾವಳಿಯ ತೆಂಗಿನ ತೋಟಗಳ ನಡುವೆ ಇಗರ್ಜಿಯ ಬಿಳಿಯ ಮುಖವೂ ಅದರ ನೆತ್ತಿಯ ಶಿಲುಬೆಯೂ ಊರಿಗಿಂತ ಮುಂಚೆ ಬಂದು ಎದುರುಗೊಳ್ಳುವುವು. ಇಥಿಯೋಪಿಯಾ ದೇಶದ ಉತ್ತರದ ಮಲೆಗಳಲ್ಲಿ, ಲಾಸ್ತಾ ಎಂಬ ಸೀಮೆಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 2,500 ಮೀಟರ್ ಎತ್ತರದಲ್ಲಿರುವ ಲಾಲಿಬೆಲಾ ಎಂಬ ಸಣ್ಣ ಪಟ್ಟಣದಲ್ಲಿ ಈ ರೂಢಿ ತಲೆಕೆಳಗಾಗಿದೆ. ಅಲ್ಲಿಯ ಸಂತ ಜಾರ್ಜನ ಇಗರ್ಜಿಯನ್ನು, ಅವರ ಮಾತಿನಲ್ಲಿ ಬೇತೆ ಗಿಯೋರ್ಗಿಸ್ ಎಂಬುದನ್ನು, ನೋಡಹೊರಟವನು ಇಳಿಜಾರಾದ ಬರಿಯ ಬಂಡೆಯ ಮೇಲೆ ನಡೆಯುತ್ತಿರುವಾಗ, ಕಾಲಬುಡದಲ್ಲಿಯೇ ನೆಲ ಬಾಯ್ದೆರೆದು, ಹನ್ನೆರಡು ಮೀಟರಿನಷ್ಟು ಆಳದ ಚೌಕನೆಯ ಗುಂಡಿಯೊಂದು ತೋರಿ, ಆ ಗುಂಡಿಯ ನಟ್ಟನಡುವೆ, ತನ್ನನ್ನು ಹೆತ್ತ ಬಂಡೆಯಿಂದ ತಳದಲ್ಲಿ ಇನ್ನೂ ಬೇರ್ಪಡದೆ, ನಾಲ್ಕು ತೋಳುಗಳೂ ಸಮನಾದ ಶಿಲುಬೆಯ ಆಕಾರದಲ್ಲಿ ಎದ್ದು ನಿಂತಿರುವ ಮಂದಿರದ ಮಾಳಿಗೆಯು ತಾನು ನಿಂತ ನೆಲದ ಮಟ್ಟಕ್ಕೇ ಇರುವುದನ್ನು ಕಂಡು, ಹೆಜ್ಜೆ ಹಿಂದೆಗೆದು ನಿಲ್ಲುವನು. ಆ ಮಾಳಿಗೆಯ ಮೇಲೆ ಒಂದರೊಳಗೊಂದಾಗಿ ಮೂರು ಶಿಲುಬೆಗಳ ಅಂಚನ್ನು ಕೊರೆದಿದ್ದಾರೆ. ಮೊದಲು ಕಾಣುವುದು ಅದೇ. ಗೋಡೆ, ಕಿಟಕಿ, ಬಾಗಿಲುಗಳೆಲ್ಲ ಆಮೇಲೆ, ಕಣ್ಣು ಮೆಲ್ಲಮೆಲ್ಲಗೆ ಕೆಳಗಿಳಿದ ಹಾಗೆ.

ನಾನು ಅಲ್ಲಿಗೆ ಹೋದುದು ಮಳೆಗಾಲ ಇನ್ನೂ ಪೂರ್ತಿ ಹಿಂದೆಗೆಯದಿದ್ದ ಸೆಪ್ಟೆಂಬರಿನ ಮೊದಲ ವಾರದಲ್ಲಿ. ಯಾತ್ರಿಕರು ಹೆಚ್ಚಾಗಿ ಬರುವುದು ಜನವರಿ 7ರ ಸುಮಾರಿಗೆ, ಗೆನ್ನಾ ಎಂದು ಅವರು ಕರೆಯುವ ಕ್ರಿಸ್ತಜಯಂತಿಗೆ. ಆಗ ಆಕಾಶ ನಿರ್ಮಲವಾಗಿರುವುದು, ಬಂಡೆ ಒಣಗಿ ಕಾವಿಯ ಬಣ್ಣ ತಳೆಯುವುದು, ಬಿಳಿಯ ಹತ್ತಿಬಟ್ಟೆ ಹೊದೆದ ಜನ ಸಾವಿರಗಟ್ಟಲೆಯಾಗಿ ಬೆಟ್ಟದ ದಾರಿಗಳನ್ನು ನಡೆದು ಬಂದು ಗುಂಡಿಗಳ ಅಂಚಿನುದ್ದಕ್ಕೂ ಕುಳಿತಿರುವುದು ಕಣ್ಣಿಗೆ ಹಬ್ಬವಂತೆ. ಜೊತೆಗಿದ್ದ ಸ್ನೇಹಿತರು, ಅಕಾಲದಲ್ಲಿ ಬಂದಿರಲ್ಲಾ ಎಂದು ಮರುಗಿದರು. ನನಗೆ ಮಾತ್ರ ಅದು ಅಕಾಲವೆನಿಸಲಿಲ್ಲ. ನಾನು ಬೆಳೆದುದು ಮಲೆನಾಡಿನ ತೊಟ್ಟಿಮನೆಯಲ್ಲಿ. ನಾಲ್ಕು ಮಾಡುಗಳ ನೀರೂ ಮನೆಯ ನಡುವಣ ತೆರೆದ ತೊಟ್ಟಿಗೇ ಬಂದು ಬೀಳುವ ಅಂಥ ಮನೆಯಲ್ಲಿ, ಮೃಗಶಿರಾ ಮಳೆ ಹಿಡಿಯುವ ಮೊದಲು ನಮ್ಮಜ್ಜ ಒಂದು ಕೊಡ ನೀರನ್ನು ತೊಟ್ಟಿಯ ಒಂದು ಮೂಲೆಯಲ್ಲಿ ಸುರಿದು, ಅದು ಎಲ್ಲಿಯೂ ಮಡುಗಟ್ಟದೆ ಎದುರು ಮೂಲೆಯ ತೂಬನ್ನು ಸೇರುವವರೆಗೂ ಕುಕ್ಕುರುಗಾಲಿನಲ್ಲಿ ಕುಳಿತು ನೋಡುತ್ತಿದ್ದರು. ವಾಟ ಕೆಟ್ಟ ಮನೆ ಎಷ್ಟು ಚೆಂದವಿದ್ದರೂ ಬಾಳಲಾರದೆಂಬುದು ಅವರ ನಿಶ್ಚಯ. ಆ ಗುಂಡಿಯ ಅಂಚಿನಲ್ಲಿ ನಿಂತಾಗ, ಬೆರಗು ಒಂದಿಷ್ಟು ತಗ್ಗಿದ ಮೇಲೆ, ನನ್ನ ಮನಸ್ಸಿಗೆ ಬಂದ ಮೊದಲ ಪ್ರಶ್ನೆ ಅಜ್ಜನದೇ ಆಗಿತ್ತು: ಈ ನೀರೆಲ್ಲ ಎಲ್ಲಿಗೆ ಹೋಗುತ್ತದೆ? ಎತ್ತರದಲ್ಲಿ ಕಟ್ಟಿದವನು ಮಳೆಯನ್ನು ಮರೆತರೂ ಮಳೆ ತಾನಾಗಿ ಇಳಿದುಹೋದೀತು. ನೆಲವನ್ನು ಅಗೆದು ತಗ್ಗಿನಲ್ಲಿ ದೇವರನ್ನು ಕೂರಿಸಿದವನಿಗೆ ಅಂಥ ಮರೆವು ಸಲ್ಲದು.

ಊರಿನ ಹಿಂದಿನ ಹೆಸರು ರೋಹಾ. ಹನ್ನೆರಡನೆಯ ಶತಮಾನದ ಕೊನೆಯಲ್ಲಿಯೂ ಹದಿಮೂರನೆಯದರ ಆದಿಯಲ್ಲಿಯೂ ಆಳಿದ ಝಾಗ್ವೆ ವಂಶದ ಅರಸನೊಬ್ಬನ ಹೆಸರನ್ನು ಅದು ತರುವಾಯ ಪಡೆಯಿತು. ತೊಟ್ಟಿಲ ಕೂಸಾಗಿದ್ದಾಗ ಅವನನ್ನು ಜೇನುನೊಣಗಳು ಮುತ್ತಿಕೊಂಡುವೆಂದೂ, ಅದನ್ನು ಕಂಡ ತಾಯಿ, ಇವನ ಅರಸುತನವನ್ನು ಜೇನುನೊಣಗಳೂ ಬಲ್ಲವೆಂಬ ಅರ್ಥ ಬರುವಂತೆ ಲಾಲಿಬೆಲಾ ಎಂದು ಹೆಸರಿಟ್ಟಳೆಂದೂ ಐತಿಹ್ಯ. ಯೆರೂಸಲೇಮ್ 1187ರಲ್ಲಿ ಸಲಾದೀನನ ವಶವಾಗಲು, ತನ್ನ ಪ್ರಜೆಗಳಿಗೆ ತೀರ್ಥಯಾತ್ರೆ ತಪ್ಪದಿರಲೆಂದು ಈ ಅರಸು ತನ್ನ ನೆಲದಲ್ಲಿಯೇ ಇನ್ನೊಂದು ಯೆರೂಸಲೇಮನ್ನು ಮಾಡಿಸಿದನೆಂದು ಹೇಳುವವರುಂಟು. ವಿದ್ವಾಂಸರೆಲ್ಲರೂ ಇದನ್ನು ಒಪ್ಪಿದವರಲ್ಲ. ಹೆಸರುಗಳಂತೂ ನೆಲದ ಮೇಲೆ ಇವೆ: ಗೊಲ್ಗೊಥಾ ಎಂಬುದು ಒಂದು ಇಗರ್ಜಿ, ಬೇತ್ಲೆಹೆಮ್ ಎಂಬುದು ಬಂಡೆಯಲ್ಲಿ ತೋಡಿದ ಒಂದು ಕೋಣೆ, ಊರ ನಡುವಣ ಆಳವಾದ ಕಾಲುವೆಗೆ ಯೊರ್ದನೋಸ್, ಅಂದರೆ ಜೋರ್ಡನ್ ನದಿ, ಎಂದು ಹೆಸರು. ಇಗರ್ಜಿಗಳು ಒಟ್ಟು ಹನ್ನೊಂದು. ಕಾಲುವೆಯ ಉತ್ತರಕ್ಕೆ ಒಂದು ಗುಂಪು, ಆಗ್ನೇಯಕ್ಕೆ ಇನ್ನೊಂದು, ಎರಡಕ್ಕೂ ಸೇರದೆ ಪಶ್ಚಿಮದಲ್ಲಿ ಸಂತ ಜಾರ್ಜನದು ಒಂದೇ. 1978ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ತಾಣಗಳ ಪಟ್ಟಿಯನ್ನು ಆರಂಭಿಸಿದಾಗ ಅದರಲ್ಲಿ ಸೇರಿದ ಮೊದಲ ಹನ್ನೆರಡು ತಾಣಗಳಲ್ಲಿ ಈ ಇಗರ್ಜಿಗಳೂ ಇದ್ದುವು.

ಅರಸನ ಆಳುಗಳು ಹಗಲಿನಲ್ಲಿ ಕಡೆದುದನ್ನು ದೇವದೂತರು ಇರುಳಿನಲ್ಲಿ ಮುಂದುವರಿಸಿದರೆಂದು ಅಲ್ಲಿಯ ಪಾದ್ರಿಗಳು ಇಂದಿಗೂ ಹೇಳುತ್ತಾರೆ. ಈ ಕಥೆಯನ್ನು ಕೇಳುತ್ತಿರುವಾಗ ನನಗೆ ನೆನಪಾದುದು ನಮ್ಮ ರಾಷ್ಟ್ರಕೂಟರ ಕಾಲದ ಬರೋಡಾ ತಾಮ್ರಶಾಸನ. ಮೊದಲನೆಯ ಕೃಷ್ಣನು ಎಂಟನೆಯ ಶತಮಾನದಲ್ಲಿ ಎಲ್ಲೋರದ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡೆಯಿಸಿ ಕೈಲಾಸ ದೇಗುಲವನ್ನು ಮಾಡಿಸಿದ ಸಂಗತಿಯನ್ನು ಹೇಳುವ ಆ ಶಾಸನ ಹುಟ್ಟಿದುದು 812ರ ಸುಮಾರಿಗೆ. ಆ ದೇಗುಲವನ್ನು ಆಕಾಶಮಾರ್ಗದಲ್ಲಿ ಹೋಗುತ್ತ ಕಂಡ ದೇವತೆಗಳು ಇದು ತಾನಾಗಿ ಆದುದಿರಬೇಕೆಂದು ವಿಸ್ಮಯಪಟ್ಟರೆಂದೂ, ಮಾಡಿದ ಶಿಲ್ಪಿಯೇ ಇದನ್ನು ಹೇಗೆ ಮಾಡಿದೆನೋ ಎಂದು ಬೆರಗಾದನೆಂದೂ ಅದು ವರ್ಣಿಸುತ್ತದೆ. ಸಮುದ್ರದಾಚೆಯ ಎರಡು ನೆಲಗಳು, ನಡುವೆ ನಾಲ್ಕು ಶತಮಾನಗಳ ಅಂತರ. ಮನುಷ್ಯನ ಕೈಯ ಕೆಲಸವನ್ನು ಕಂಡು ಮನುಷ್ಯನೇ ನಂಬಲಾರದೆ ಹೋದ ಬಗೆ ಮಾತ್ರ ಒಂದೇ. ಪೋರ್ಚುಗೀಸ್ ರಾಯಭಾರಿಯ ಪರಿವಾರದೊಡನೆ 1520ರಲ್ಲಿ ಆ ದೇಶಕ್ಕೆ ಬಂದ ಫ್ರಾನ್ಸಿಸ್ಕೊ ಆಲ್ವಾರೆಸ್ ಎಂಬ ಪಾದ್ರಿ ಈ ಇಗರ್ಜಿಗಳನ್ನು ಕಂಡು ವಿವರವಾಗಿ ಬರೆದು, ಇನ್ನು ಹೆಚ್ಚು ಬರೆದರೆ ನಂಬುವವರಿರಲಾರರೆಂದು ಅಳುಕಿ, ಬರೆದಷ್ಟೂ ಸತ್ಯವೆಂದು ದೇವರ ಮೇಲೆ ಆಣೆಯಿಟ್ಟು ನಿಲ್ಲಿಸಿದನು.

ಕೆಲಸದ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಟ್ಟುವವನು ಅಡಿಪಾಯದಿಂದ ಆರಂಭಿಸಿ ಮಾಡಿನಲ್ಲಿ ಮುಗಿಸುವನು. ಇಲ್ಲಿಯವನು ಮಾಡಿನಿಂದ ಆರಂಭಿಸಿ ಅಡಿಪಾಯದಲ್ಲಿ ಮುಗಿಸಿದನು. ಮೊದಲು ಬಂಡೆಯ ಮೇಲೆ ಚೌಕವನ್ನು ಗುರುತಿಸಿ, ಅದರ ಒಳಮೈಯಲ್ಲಿ ಸುತ್ತಲೂ ಕಂದಕ ತೋಡಿ, ನಡುವೆ ಉಳಿದ ಇಡಿಗಲ್ಲನ್ನು ಮೇಲಿನಿಂದ ರೂಪಿಸುತ್ತ ಬಂದು, ಬಾಗಿಲು ಕಿಟಕಿಗಳ ತೆರಪಿನಿಂದ ಒಳಹೊಕ್ಕು ಗರ್ಭವನ್ನು ಬಗೆದು ಬರಿದುಮಾಡಬೇಕು. ಇಟ್ಟಿಗೆ ಸೊಟ್ಟಗಾದರೆ ಕಿತ್ತು ಮತ್ತೆ ಇಡಬಹುದು. ಉಳಿಯ ಪೆಟ್ಟಿಗೆ ಹಾರಿಹೋದ ಕಲ್ಲನ್ನು ಮರಳಿ ಕೂಡಿಸುವ ಗಾರೆ ಇಲ್ಲ. ಮೇಲಣ ಕಿಟಕಿಯನ್ನು ಕೊರೆಯುವ ದಿನವೇ ಕೆಳಗಣ ಹೊಸ್ತಿಲು ಎಲ್ಲಿ ಬರುವುದೆಂಬುದು ಮನಸ್ಸಿನಲ್ಲಿ ನಿಷ್ಕೃಷ್ಟವಾಗಿ ನೆಲೆಗೊಂಡಿರಬೇಕು. ಆ ಕಲ್ಲು ಜ್ವಾಲಾಮುಖಿಯ ಉತ್ಪನ್ನವಾದ, ಗುಳಿಗುಳಿಯಾದ, ಕೆಂಪು ಬಣ್ಣದ ಮೆದು ಕಲ್ಲು; ಉಳಿಗೆ ಒದಗುವುದು, ಅಷ್ಟೇ ಸುಲಭವಾಗಿ ನೀರಿಗೂ ಒದಗುವುದು. ಬೇತೆ ಗಿಯೋರ್ಗಿಸ್ಸಿನ ಗೋಡೆಗಳ ಮೇಲೆ ಅಡ್ಡಲಾಗಿ ಸುತ್ತುವರಿದಿರುವ ಪಟ್ಟಿಕೆಗಳನ್ನು ನಾನು ಮೊದಲು ಅಲಂಕಾರವೆಂದೇ ತಿಳಿದಿದ್ದೆ. ಕೆಳಗಿಳಿದು ಗೋಡೆಗೆ ಕೆನ್ನೆಯಿಟ್ಟು ಮೇಲೆ ನೋಡಿದಾಗ ಗುಟ್ಟು ತಿಳಿಯಿತು: ಗೋಡೆ ಕೆಳಗೆ ಬಂದಂತೆಲ್ಲ ಹಂತಹಂತವಾಗಿ ದಪ್ಪವಾಗುತ್ತ ಬಂದಿದೆ, ಆ ಹೆಚ್ಚಳ ಕಣ್ಣಿಗೆ ಬೀಳದಂತೆ ಪಟ್ಟಿಕೆಗಳು ಅದನ್ನು ಮರೆಸಿವೆ. ಭಾರ ಹೊರುವ ಬುದ್ಧಿ ಒಳಗೆ, ಹಗುರಾಗಿ ತೋರುವ ಸೊಬಗು ಹೊರಗೆ.

ಸಹಜವಾಗಿ ಏಳುವ ಇನ್ನೊಂದು ಪ್ರಶ್ನೆ, ತೋಡಿ ತೆಗೆದ ಕಲ್ಲೆಲ್ಲ ಎಲ್ಲಿ ಹೋಯಿತೆಂಬುದು. ಈಚಿನ ದಶಕಗಳಲ್ಲಿ ಪುರಾತತ್ತ್ವಜ್ಞರು ಆ ಕಲ್ಲುಪುಡಿಯ ರಾಶಿಗಳನ್ನೇ ಹುಡುಕಿ ಪರಿಶೀಲಿಸಿ, ಗೋಡೆಗಳಲ್ಲಿ ನೆಲಕ್ಕೆಟುಕದ ಎತ್ತರದಲ್ಲಿ ಅನಾಥವಾಗಿ ಉಳಿದ ಹಳೆಯ ಬಾಗಿಲುಗಳನ್ನು ಗಮನಿಸಿ, ಈ ನೆಲವನ್ನು ಒಂದೇ ಸಲವಲ್ಲದೆ ಮತ್ತೆ ಮತ್ತೆ, ಪ್ರತಿಸಲವೂ ಹಿಂದಿಗಿಂತ ಆಳವಾಗಿ ಅಗೆದಿದ್ದಾರೆಂದು ತೋರಿಸಿಕೊಟ್ಟಿದ್ದಾರೆ. ಡೇವಿಡ್ ಫಿಲಿಪ್ಸನ್ ಎಂಬ ವಿದ್ವಾಂಸರ ಅಭಿಪ್ರಾಯದಲ್ಲಿ ಬೇತೆ ಗಬ್ರಿಯೇಲ್-ರುಫಾಯೇಲ್, ಬೇತೆ ಮೆರ್ಕೊರಿಯೋಸ್ ಇವು ಲಾಲಿಬೆಲಾ ಅರಸನಿಗಿಂತ ಕೆಲವು ಶತಮಾನಗಳಷ್ಟು ಹಿಂದಿನವು. ಮೊದಲು ಅರಮನೆಯೋ ಕೋಟೆಯೋ ಆಗಿದ್ದು ಆಮೇಲೆ ಇಗರ್ಜಿಗಳಾದವು. ಕಂದಕದ ಮೇಲಣ ಕಿರಿದಾದ ಸೇತುವೆಯನ್ನು ದಾಟಿ ಮೊದಲನೆಯದನ್ನು ಪ್ರವೇಶಿಸುವಾಗ ಈ ಮಾತು ನಿಜವಿರಬೇಕೆಂದೇ ನನಗೆ ತೋರಿತು. ಒಬ್ಬ ಅರಸನ ಒಂದೇ ಆಯುಸ್ಸಿನ ಪವಾಡಕ್ಕಿಂತ, ಹಲವು ತಲೆಮಾರುಗಳು ಅದೇ ಬಂಡೆಗೆ ಮರಳಿ ಮರಳಿ ಬಂದು ಉಳಿ ಹಿಡಿದ ಈ ವೃತ್ತಾಂತವೇ ನನ್ನ ಮನಸ್ಸಿಗೆ ಹೆಚ್ಚು ಪೂಜ್ಯವಾದುದು.

ಬೇತೆ ಗಿಯೋರ್ಗಿಸ್ಸಿನ ಕೆಳಸಾಲಿನ ಕಿಟಕಿಗಳ ಮುಂದೆ ನಿಂತು ನೋಡಿದರೆ, ಚೌಕಟ್ಟಿನ ನಾಲ್ಕು ಮೂಲೆಗಳಲ್ಲಿಯೂ ಚಚ್ಚೌಕವಾದ ಗುಬ್ಬಿಗಳು ಮುಂಚಾಚಿರುವುದು ಕಾಣುವುದು. ಅವು ಕಲ್ಲಿಗೆ ಬೇಕಾದುವಲ್ಲ. ಮರದ ತೊಲೆಗಳ ತುದಿಗಳು. ಕ್ರಿಸ್ತಶಕದ ಆದಿಯ ಶತಮಾನಗಳಲ್ಲಿ ಉತ್ತರದ ಅಕ್ಸುಮ್ ನಗರದಲ್ಲಿ ಕಲ್ಲಿನ ವರಸೆಯೊಂದು ಮರದ ವರಸೆಯೊಂದು ಎಂಬಂತೆ ಗೋಡೆ ಎಬ್ಬಿಸಿ, ತೊಲೆಗಳ ತುದಿಗಳನ್ನು ಹೊರಕ್ಕೆ ಬಿಡುವ ಪದ್ಧತಿಯಿತ್ತು. ಅಲ್ಲಿಯ ಎತ್ತರವಾದ ಏಕಶಿಲಾಸ್ತಂಭಗಳ ಮೇಲೂ ಅದೇ ಕಿಟಕಿ, ಅದೇ ಗುಬ್ಬಿಗಳನ್ನು ಕಡೆದರು. ಅಕ್ಸುಮಿನ ರಾಜ್ಯ ಅಳಿದ ಶತಮಾನಗಳ ಮೇಲೆ ಲಾಲಿಬೆಲಾದ ಕಲ್ಲುಕುಟಿಗನು, ತೊಲೆಯೊಂದೂ ಇಲ್ಲದ ಈ ಇಡಿಗಲ್ಲಿನಲ್ಲಿ, ಆ ತೊಲೆಗಳ ತುದಿಗಳನ್ನು ಭಕ್ತಿಯಿಂದ ಬಿಡಿಸಿದನು. ಬೇತೆ ಅಮಾನುಯೆಲ್ ಎಂಬ ಇಗರ್ಜಿಯಲ್ಲಿ ಗೋಡೆಯೆಲ್ಲ ಒಂದು ಪಟ್ಟಿ ಒಳಸರಿದು ಒಂದು ಪಟ್ಟಿ ಮುಂಬಂದು ಮರದ ವರಸೆ ಕಲ್ಲಿನ ವರಸೆಗಳನ್ನೇ ಅನುಕರಿಸಿದೆ. ಲಾಲಿಬೆಲಾದ ಸಮೀಪದ ಬೆಟ್ಟದಲ್ಲಿ, ಗುಹೆಯೊಂದರೊಳಗೆ ಇರುವ ಯೆಮ್ರೆಹಾನ್ನ ಕ್ರಿಸ್ತೋಸ್ ಎಂಬ ಇಗರ್ಜಿಯನ್ನು ನಿಜವಾದ ಮರ ಗಾರೆಗಳಿಂದಲೇ ಹೀಗೆ ಕಟ್ಟಿದ್ದಾರೆ. ಅದನ್ನು ನೋಡಿ ಬಂದವನಿಗೆ ಈ ಕಲ್ಲಿನ ಭಾಷೆ ಸುಲಭವಾಗಿ ಅರ್ಥವಾಗುವುದು. ಐಹೊಳೆಯ ಲಾಡಖಾನ್ ಗುಡಿಯ ಮಾಳಿಗೆಯ ಮೇಲೆ ಕಲ್ಲುಚಪ್ಪಡಿಗಳ ಸಂದು ಮುಚ್ಚಲು ಮರದ ದಿಮ್ಮಿಗಳಂತೆ ಉದ್ದುದ್ದ ಕಲ್ಲುಗಳನ್ನು ಇಟ್ಟಿರುವುದನ್ನು ಬಲ್ಲ ನಮಗೆ ಇದು ಅಪರಿಚಿತವೂ ಅಲ್ಲ. ಕೈ ಕಲ್ಲಿಗೆ ಬಂದರೂ ಕಣ್ಣು ಬಹುಕಾಲ ಮರದಲ್ಲಿಯೇ ಉಳಿಯುತ್ತದೆ.

ಉಳಿದ ಇಗರ್ಜಿಗಳಲ್ಲಿ ಗಾತ್ರದಿಂದ ಮುಖ್ಯವಾದುದು ಬೇತೆ ಮೆಧಾನೆ ಆಲೆಮ್, ಲೋಕರಕ್ಷಕನ ಮನೆ. ಉದ್ದ 33 ಮೀಟರ್, ಅಗಲ 23 ಮೀಟರ್, ಎತ್ತರ 11 ಮೀಟರ್ ದಾಟಿದ ಈ ಏಕಶಿಲಾಮಂದಿರದ ಸುತ್ತಲೂ ಕಂಬಗಳ ಸಾಲು, ಒಳಗೆ ಐದು ಓಣಿಗಳು. ಹೊರಗಂಬಗಳಲ್ಲಿ ಹೆಚ್ಚಿನವು ಬಿದ್ದುಹೋಗಿ ಈಚೆಗೆ ಮತ್ತೆ ಕಟ್ಟಿದುವಾದುದರಿಂದ ನನ್ನ ಕಣ್ಣು ಅಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. ಅದರ ನೆರೆಯ ಬೇತೆ ಮರ್ಯಮ್ ಚಿಕ್ಕದು, ಆದರೆ ಆಪ್ತವಾದುದು: ಒಳಗೆ ಮೇಲ್ಛಾವಣಿಯೂ ಕಮಾನುಗಳೂ ಮಾಸಿದ ವರ್ಣಚಿತ್ರಗಳಿಂದ ತುಂಬಿವೆ, ನಡುವಣ ಕಂಬವೊಂದನ್ನು ಬಟ್ಟೆಯಿಂದ ಸುತ್ತಿಟ್ಟಿದ್ದಾರೆ, ಅದರ ಮೇಲಣ ಬರಹವನ್ನು ಮನುಷ್ಯರು ಓದಬಾರದೆಂದು ನಂಬಿಕೆ. ಅಂಗಳದಲ್ಲಿ ಪಾಚಿಗಟ್ಟಿದ ಹಸುರು ನೀರಿನ ಆಳವಾದ ಕೊಳ; ಸಂತಾನಾಪೇಕ್ಷೆಯ ಹೆಂಗಸರು ಹಬ್ಬದ ದಿನ ಅದರಲ್ಲಿ ಮಿಂದೇಳುವರು.

ಒಳಗಿನ ವಿನ್ಯಾಸ ನಮ್ಮವರಿಗೆ ಯಾರೂ ವಿವರಿಸಬೇಕಾಗಿಲ್ಲ. ಹೊಸ್ತಿಲಾಚೆ ಪಾದರಕ್ಷೆ ಬಿಡಬೇಕು. ಹಾಡುವವರ ಅಂಕಣ ಮೊದಲು, ಪ್ರಸಾದ ಸ್ವೀಕರಿಸುವವರ ಅಂಕಣ ಆಮೇಲೆ, ಪರದೆಯ ಹಿಂದೆ ಪಾದ್ರಿಗಳಿಗೆ ಮಾತ್ರ ಪ್ರವೇಶವುಳ್ಳ ಗರ್ಭಗೃಹ. ಅಲ್ಲಿರುವುದು ತಾಬೋತ್, ಮೋಶೆಗೆ ದೊರೆತ ಶಾಸನಫಲಕಗಳ ಪ್ರತಿರೂಪ. ಅದು ಇರುವುದರಿಂದಲೇ ಇಗರ್ಜಿ ಪವಿತ್ರ. ಅದಿಲ್ಲದಿದ್ದರೆ ಬರಿಯ ಕಲ್ಲು. ಪೂಜೆ ನಡೆಯುವುದು ಗೀಝ್ ಭಾಷೆಯಲ್ಲಿ; ಮನೆಮಾತಾಗಿ ಅದನ್ನು ಆಡುವವರು ಇಂದು ಯಾರೂ ಇಲ್ಲ, ಆದರೂ ದೇವರ ಮುಂದೆ ಬೇರೆ ಮಾತು ಒಪ್ಪುವುದಿಲ್ಲ. ಮುಂಜಾವದ ಕತ್ತಲೆಯಲ್ಲಿ ಉದ್ದನೆಯ ದೊಣ್ಣೆಗಳಿಗೆ ಒರಗಿ ನಿಂತ ಮುದುಕರು ಎಳೆದೆಳೆದು ಹಾಡುತ್ತಿರುವಾಗ, ಆ ನಾದ ಗೋಡೆಗಳಿಂದ ಮರಳಿ ಬರುವ ರೀತಿ ಕಟ್ಟಿದ ಮನೆಗಳಲ್ಲಿ ನಾನು ಕೇಳಿದಂಥದಲ್ಲ. ಗೋಡೆಯ ಆಚೆಗೆ ಹೊರಗೆಂಬುದು ಇಲ್ಲ, ಬೆಟ್ಟವೇ ಇದೆಯೆಂಬುದು ಕಿವಿಗೆ ತಿಳಿಯುತ್ತದೆ.

ಇನ್ನು ನೀರಿನ ವಿಷಯ. ಮೂರನೆಯ ದಿನ ಮಧ್ಯಾಹ್ನ ಮಳೆ ಜೋರಾಗಿ ಹಿಡಿಯಿತು. ನಾನು ಬೇತೆ ಗಿಯೋರ್ಗಿಸ್ಸಿನ ಪಶ್ಚಿಮದ ಬಾಗಿಲುವಾಡದಲ್ಲಿ ಬರಿಗಾಲಿನಲ್ಲಿ ನಿಂತು ಎರಡು ಗಂಟೆಗಳ ಕಾಲ ಅದನ್ನು ನೋಡಿದೆ. ಚಪ್ಪಟೆಯೆಂದು ತೋರುವ ಮಾಳಿಗೆ ನಿಜವಾಗಿ ಬೆಟ್ಟದ ಇಳಿಜಾರನ್ನೇ ಅನುಸರಿಸಿ ಸೂಕ್ಷ್ಮವಾಗಿ ಒಂದು ಕಡೆಗೆ ವಾಲಿದೆ. ಮಾಳಿಗೆಯ ನೀರು ಅಂಚಿನಲ್ಲಿ ಕಡೆದ ಗೋಮುಖಗಳಿಂದ ಗೋಡೆಗೆ ತಾಗದಂತೆ ದೂರಕ್ಕೆ ಚಿಮ್ಮಿ ಬೀಳುವುದು. ಬೆರಳಿಟ್ಟು ನೋಡಿದೆ: ಕಿಟಕಿಯ ಹೊಸ್ತಿಲುಗಳಿಗೂ ಹೊರಮುಖವಾಗಿ ವಾಟ ಕೊಟ್ಟಿದ್ದಾರೆ. ಕಂದಕದ ನೆಲ ಮಟ್ಟಸವೆಂದು ಕಾಲು ಹೇಳಿದರೂ ನೀರು ಬೇರೆ ಹೇಳಿತು. ಅದು ನಾಲ್ಕೂ ಕಡೆಯಿಂದ ಕೂಡಿ, ನಾವು ಇಳಿದು ಬಂದ ದಾರಿಯತ್ತ, ಇಕ್ಕಟ್ಟಾದ ಸುರಂಗದತ್ತ, ಗಡಿಬಿಡಿಯಿಲ್ಲದೆ ಹೊರಟಿತು. ಯಾತ್ರಿಕನು ದೇವರ ಬಳಿಗೆ ಇಳಿದು ಬರುವ ದಾರಿಯೂ ಮಳೆ ದೇವರ ಬಳಿಯಿಂದ ಹೊರಟುಹೋಗುವ ದಾರಿಯೂ ಅಲ್ಲಿ ಒಂದೇ ಆಗಿದೆ. ಊರಿನ ಮಹಾಕಾಲುವೆಯನ್ನು ಯೊರ್ದನೋಸ್ ಎಂದು ಕರೆದವರು ಪುಣ್ಯಕ್ಷೇತ್ರದ ಹೆಸರನ್ನಷ್ಟೇ ಇಟ್ಟರೆಂದು ಓದುವಾಗ ತಿಳಿದಿದ್ದೆ. ಕೆಂಪು ನೀರು ಅದರಲ್ಲಿ ಹರಿದು ಹೋಗುವುದನ್ನು ಕಂಡ ಮೇಲೆ, ಈ ಊರಿನ ಜೀವ ಉಳಿದಿರುವುದೇ ಆ ಕಾಲುವೆಯಿಂದ, ಅದಕ್ಕೆ ನದಿಯ ಗೌರವ ಸಲ್ಲತಕ್ಕುದೇ ಎನಿಸಿತು.

ಈ ಜ್ಞಾನ ನಡುವೆ ಮರೆತುಹೋದುದೇ ಇಗರ್ಜಿಗಳಿಗೆ ಬಂದ ವಿಪತ್ತಿಗೆ ಕಾರಣವೆಂದು ನಾನು ತಿಳಿದಿದ್ದೇನೆ. ಶತಮಾನಗಳ ಹೂಳು ಕಾಲುವೆಗಳಲ್ಲಿ ತುಂಬಿ, ನೀರು ಅಂಗಳಗಳಲ್ಲಿ ನಿಂತು, ಮೆದುಗಲ್ಲು ನೆನೆದು ಒಣಗಿ ನೆನೆದು ಒಣಗಿ ಬಿರಿಯಿತು. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಕೆಲವಕ್ಕೆ ಡಾಂಬರು ಬಳಿದು ಮೇಲೆ ಕೆಂಪು ಬಣ್ಣ ಹಚ್ಚಿದರು. ಉಸಿರಾಡುವ ಕಲ್ಲಿಗೆ ಅದಕ್ಕಿಂತ ಹೆಚ್ಚಿನ ಅಪಚಾರವಿಲ್ಲ. 1960ರ ದಶಕದ ಉತ್ತರಾರ್ಧದಲ್ಲಿ ಇಟಲಿಯ ವಾಸ್ತುಶಿಲ್ಪಿ ಸಾಂದ್ರೊ ಆಂಜೆಲಿನಿ ಬಂದು ಆ ಲೇಪವನ್ನು ತೆಗೆಸಿದರು. ಮತ್ತೆ 2008ರಲ್ಲಿ ಯುರೋಪಿನ ಒಕ್ಕೂಟದ ಹಣದಿಂದ ನಾಲ್ಕು ದೊಡ್ಡ ಚಪ್ಪರಗಳನ್ನು ಉಕ್ಕಿನ ಕಂಬಗಳ ಮೇಲೆ ಎತ್ತಿ, ಮುಖ್ಯವಾದ ಕೆಲವು ಇಗರ್ಜಿಗಳ ಮೇಲೆ ಹೊದಿಸಿದರು. ತಾತ್ಕಾಲಿಕವೆಂದು ಬಂದ ಆ ಚಪ್ಪರಗಳು ಹತ್ತು ವರ್ಷ ಕಳೆದರೂ ಹಾಗೆಯೇ ಉಳಿಯಲು, ಅವುಗಳ ಭಾರ ಬಂಡೆಯನ್ನು ಸೀಳೀತೆಂದೂ, ಗಾಳಿಗೆ ಬಿದ್ದರೆ ಇಗರ್ಜಿಯೇ ಪುಡಿಯಾದೀತೆಂದೂ ಅಂಜಿ, ಊರವರು 2018ರಲ್ಲಿ ಬೀದಿಗಿಳಿದು ಅವನ್ನು ತೆಗೆಯಿರೆಂದು ಕೇಳಿಕೊಂಡರು. ಮಳೆಯಿಂದ ಕಾಪಾಡುವ ಸದುದ್ದೇಶವನ್ನು ನಾನು ಅಲ್ಲಗಳೆಯೆನು. ಬಿರುಕುಬಿಟ್ಟ ಛಾವಣಿಗೆ ಆ ಹೊತ್ತಿಗೆ ಬೇರೆ ಉಪಾಯವಿಲ್ಲದೆಯೂ ಇದ್ದಿರಬಹುದು. ಆದರೆ ಆಕಾಶಕ್ಕೆ ಮುಖಮಾಡಿ ಕಡೆದ ಮಂದಿರಕ್ಕೆ ಆಕಾಶವನ್ನೇ ಮುಚ್ಚಿದ ಮೇಲೆ ಉಳಿಯುವುದು ಅರ್ಧ ಮಂದಿರ. ಬೇತೆ ಗಿಯೋರ್ಗಿಸ್ಸಿಗೆ ಚಪ್ಪರವಿಲ್ಲ. ಎಂಟು ಶತಮಾನಗಳ ಮಳೆ ಅದರ ಮೇಲೆ ನೇರವಾಗಿಯೇ ಸುರಿದಿದೆ, ಹನ್ನೊಂದರಲ್ಲಿ ಅತ್ಯಂತ ಅಖಂಡವಾಗಿ ಉಳಿದಿರುವುದೂ ಅದೇ. ಲೇಪಕ್ಕೂ ಚಪ್ಪರಕ್ಕೂ ಮೊದಲು ಕಾಲುವೆಯ ಹೂಳೆತ್ತಬೇಕೆಂಬುದಕ್ಕೆ ನನಗೆ ಇಷ್ಟು ಸಾಕ್ಷ್ಯ ಸಾಕು.

ಮಳೆ ಹಿಡಿದಿದ್ದ ಆ ಮಧ್ಯಾಹ್ನವೇ, ಮುದುಕರಾದ ಪಾದ್ರಿಯೊಬ್ಬರು ಒಳಗಿನಿಂದ ಬಂದು ನನ್ನ ಪಕ್ಕದಲ್ಲಿ ನಿಂತರು. ಅವರ ಮಾತು ನನಗೆ ಬಾರದು, ನನ್ನದು ಅವರಿಗೆ ಬಾರದು. ಅವರು ಅಂಗಳದ ನೀರನ್ನೇ ನೋಡುತ್ತಿದ್ದರು. ಸುರಂಗದ ಬಾಯಿಯ ಬಳಿ, ಮೇಲಿನಿಂದ ಉದುರಿದ ಎಲೆಗಳು ಕೂಡಿ, ನೀರು ಅಂಗೈ ಅಗಲದಷ್ಟು ಮಡುಗಟ್ಟತೊಡಗಿತ್ತು. ಅವರು ಬಿಳಿಯ ಹೊದಿಕೆಯನ್ನು ಮೊಣಕಾಲಿಗೆ ಎತ್ತಿ ಹಿಡಿದು, ಮಳೆಯಲ್ಲಿಯೇ ಅಂಗಳವನ್ನು ದಾಟಿ, ಕುಕ್ಕುರುಗಾಲಿನಲ್ಲಿ ಕುಳಿತು ಎಲೆಗಳನ್ನು ಬೆರಳುಗಳಿಂದ ಬಳಿದು ತೆಗೆದರು. ನೀರು ಒಮ್ಮೆ ತಡೆದು, ತಿರುಗಿ, ಹೊರಟುಹೋಯಿತು. ಅದು ಪೂರ್ತಿ ಹೋಗುವವರೆಗೂ ಅವರು ಅಲ್ಲಿಂದ ಏಳಲಿಲ್ಲ.